ವಾಸಂತಿ ಸಿಸ್ಟರ್ ಬ್ಲೇಡು ಕೊಡುವುದಿಲ್ಲ

ಬೆಳಿಗ್ಗೆ ಆರೂವರೆ. ಮಹಾರಾಷ್ಟ್ರದ ಕಳಮೇಶ್ವರದಾಚೆಯ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಬೇಬಿಬಾಯಿ ಧುರ್ವೆ ಎಡಗಾಲು ಚಾಚಿ ಕೂತಿದ್ದಾರೆ. ಕೇಂದ್ರ ತೆರೆಯುವುದು ಒಂಬತ್ತಕ್ಕೆ, ಅವರ ಕಾರ್ಖಾನೆಯ ಪಾಳಿ ಎಂಟಕ್ಕೆ. ಇಂಥವರಿಗಾಗಿಯೇ ನರ್ಸ್ ವಾಸಂತಿ ಪಟ್ಟಣಶೆಟ್ಟಿ ನಾಗಪುರದಿಂದ ಮೊದಲ ಬಸ್ಸಿಗೆ ಬರುತ್ತಾರೆ.

"ಕುರೂಪ್ ಆಗಿದೆ ಸಿಸ್ಟರ್, ಜಲ್ದಿ ಕೊಯ್ದುಬಿಡಿ," ಎಂದು ಬೇಬಿಬಾಯಿ ಮರಾಠಿಯಲ್ಲಿ ಅವಸರಿಸುತ್ತಾರೆ.

ಮರಾಠಿಯ ‘ಕುರೂಪ್’ ಎಂದರೆ ಕಾಲಿನ ಆಣಿ. ಮದುವೆಯಾಗಿ ಬಾಗಲಕೋಟೆಯಿಂದ ಬಂದ ಹೊಸತರಲ್ಲಿ ವಾಸಂತಿಗೆ ಇದು ತಿಳಿದಿರಲಿಲ್ಲ. "ಒಬ್ಬಾಕಿ ‘ಕುರೂಪ್ ಝಾಲಂ’ ಅಂದ್ಲು. ನಾ, ‘ಚಲೋ ಅದೀಯಲ್ಲವ್ವಾ, ಯಾರಂದ್ರು ಹಂಗ?’ ಅಂದೆ. ಇಡೀ ವಾರ್ಡ್ ನಕ್ಕಿತ್ತು."

ಈಗ ಆ ಪದ ಕೇಳಿದರೆ ಅವರಿಗೆ ನಗು ಬರುವುದಿಲ್ಲ. ಆಣಿಯೆಂದು ಕೊಯ್ಸಿಕೊಳ್ಳುವ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಆಗಿರಬಹುದು. ಅದರ ಅಪಾಯಕಾರಿ ಬಗೆಯಾದ ಮೆಲನೋಮಾ ನಮ್ಮವರಲ್ಲಿ ಅನೇಕ ಸಲ ಕಾಣಿಸುವುದು ಅಂಗಾಲಿನಲ್ಲೇ. ಬೇಗ ಸಿಕ್ಕರೆ ಆ ಜಾಗದ ಚರ್ಮವಷ್ಟೇ ತೆಗೆದರೆ ಸಾಕಾಗಬಹುದು. ತಡವಾದರೆ ತೊಡೆಸಂದಿಗೆ, ಅಲ್ಲಿಂದ ಮೈಗೆಲ್ಲ ಹರಡುತ್ತದೆ.

ಬೇಗ ಸಿಗುವುದು ಯಾರಿಗೆ? ನಾಗಪುರದ ಮನೀಶ್ ನಗರದಲ್ಲಿ ವಾಸಂತಿಯವರ ಮೇಲಿನ ಮನೆಯ ಬ್ಯಾಂಕ್ ಅಧಿಕಾರಿ ಮಧುಸೂದನ ಹಿಮ್ಮಡಿಯಲ್ಲಿ ಚುಕ್ಕೆ ಕಂಡ ವಾರವೇ ಚರ್ಮತಜ್ಞರ ಬಳಿ ಹೋದರು. ತಜ್ಞರು ದೀಪವಿರುವ ಭೂತಗನ್ನಡಿ ಹಿಡಿದು ನೋಡಿದರು, ತುಣುಕು ತೆಗೆದರು, ಮರುವಾರ ವರದಿ ಕೈಗಿತ್ತರು. ಅಲ್ಲಿಂದ ಗಂಟೆಯ ದಾರಿಯಲ್ಲಿರುವ ಈ ಕೇಂದ್ರಕ್ಕೆ ಚರ್ಮತಜ್ಞರಿಲ್ಲ, ಆ ಭೂತಗನ್ನಡಿಯೂ ಇಲ್ಲ. ಇರುವುದು ಬ್ಲೇಡು, ಮುಲಾಮು. ಇದಕ್ಕೆ ದೂರ ಕಾರಣವಲ್ಲ, ತಾತ್ಸಾರ ಕಾರಣ.

"ಕಾಲು ಅದೇ ಕಾಲ್ರೀ. ಅವರಿಗಾದ್ರ ಮಚ್ಚೆ, ಇವರಿಗಾದ್ರ ಕುರೂಪ್. ಇದ್ಯಾವ ಬರೋಬರ್?" ಎನ್ನುತ್ತಾರೆ ವಾಸಂತಿ.

ಖಾಪರಖೇಡಾದ ಗುತ್ತಿಗೆ ಕೂಲಿಯೊಬ್ಬರು ಬೇರೆ ಬೇರೆ ಕಡೆ ಹೋಗಿ ಅದೇ ‘ಆಣಿ’ ಕೊಯ್ಸಿಕೊಂಡು ಇಲ್ಲಿಗೆ ಬಂದಾಗ ತೊಡೆಸಂದಿಯಲ್ಲಿ ನಿಂಬೆಯಷ್ಟು ಗಂಟಿತ್ತು. ಅವರು ಉಳಿಯಲಿಲ್ಲ. ಅಂದಿನಿಂದ ವಾಸಂತಿ ಬ್ಲೇಡಿನ ಡಬ್ಬಿಗೆ ಬೀಗ ಹಾಕಿದ್ದಾರೆ. ತಾವೇ ಕಾಲು ತೊಳೆದು, ಬೆಳಕಿಗೆ ಹಿಡಿದು ನೋಡುವ ತನಕ ಬೀಗ ತೆರೆಯುವುದಿಲ್ಲ.

ಬೇಬಿಬಾಯಿಯ ಕಾಲನ್ನೂ ತೊಳೆಯುತ್ತಾರೆ. ಮಣ್ಣು ಹೋದ ಮೇಲೂ ಕಪ್ಪು ಉಳಿಯುತ್ತದೆ, ಅಂಚು ಒಡೆದ ಕಪ್ಪು.

"ಇದು ಆಣಿಯಲ್ಲ ಬಾಯಿ. ಇವತ್ತೇ ನಾಗಪುರಕ್ಕೆ ಹೋಗು."

"ನೀವು ಕೊಯ್ಯದಿದ್ದರೆ ಮನೆಯಲ್ಲಿ ನಾನೇ ಕೊಯ್ಕೋತೀನಿ."

"ಕೊಯ್ಕೋ. ಆಮೇಲೆ ಒಂದೇ ಕಾಲಲ್ಲಿ ಪಾಳಿಗೆ ಕುಣಿಯುತ್ತ ಹೋಗು!"

ಬೇಬಿಬಾಯಿ ಬೈಯುತ್ತಲೇ ಚಪ್ಪಲಿ ಮೆಟ್ಟುತ್ತಾರೆ.

ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರುವುದು ವಾಸಂತಿಗೆ ಮುಜುಗರ. "ನನ್ನ ಫೋಟೋ ಬ್ಯಾಡ್ರಿ. ಆ ದೀಪದ ಕನ್ನಡಿ ಒಂದು ಇಲ್ಲಿಗೂ ಬರ್ಲಿ ಅಂತ ಬರೀರಿ, ಸಾಕು."

ಬೇಬಿಬಾಯಿ ಅಂದೇ ನಾಗಪುರದ ಆಸ್ಪತ್ರೆಯೊಂದರ ಸಾಲಿನಲ್ಲಿ ನಿಂತರು. ಪರೀಕ್ಷೆಗೆ ತುಣುಕು ತೆಗೆಯಲು ಅವರಿಗೆ ಐದು ವಾರ ಬಿಟ್ಟು ಬರಲು ಹೇಳಿದ್ದಾರೆ.