ನೀಲಪ್ಪನ ಕಿವಿ

ಶಿರಹಟ್ಟಿಯ ಶಾಲೆಯ ಖೋಲಿಯಲ್ಲಿ ಆ ದಿನ ಮಾಸ್ತರರು ಆರಿಸಿದ್ದು ನೀಲಪ್ಪನ ಆಂಪ್ಲಿಫಾಯರನ್ನು. ನನ್ನದನ್ನು ಆರಿಸಿದರು ಎಂದು ಹೇಳಿದವನು ನಾನು. ಚಾದರದ ಹಿಂದೆ ನಿಂತು ವಾಯರ್ ಬದಲಿಸಿದವನೂ ನಾನೇ — ಹೀಗಾಗಿ ಈ ಸುಳ್ಳು ನಲವತ್ತು ವರ್ಷಕ್ಕೂ ಮಿಕ್ಕಿ ನನ್ನೊಬ್ಬನ ಹತ್ತಿರವೇ ಉಳಿಯಿತು.

ನಿಧಾನಕ್ಕೆ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು; ಮೂವತ್ತು ದಾಟಿದ ಮೇಲೆ ಪರೀಕ್ಷೆಗೆ ಕೂತು ಹತ್ತನೆಯದು ಪಾಸಾದೆ. ಮಗಳು ಕಂಪ್ಯೂಟರಿನಲ್ಲಿ ಕನ್ನಡ ಹಾಕಿಕೊಟ್ಟಿದ್ದಾಳೆ. ಒಂದೇ ಬೆರಳಿನಿಂದ ಒತ್ತುತ್ತೇನೆ. ಒತ್ತಕ್ಷರ ಹುಡುಕುವುದರೊಳಗೆ ಮುಂದಿನ ಮಾತು ಮರೆತುಹೋಗುತ್ತದೆ. ಆದರೆ ಈ ವಿಷಯ — ಇದು ಮರೆಯುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಮದುವೆಗೆ, ಭಜನೆಗೆ ಮೈಕ್ ಸೆಟ್ಟನ್ನೂ ಒಯ್ಯುತ್ತಿದ್ದೆ. ಮುಂಡರಗಿಯ ನೀಲಪ್ಪನದೂ ಅದೇ ಕಸುಬು, ನನ್ನದೇ ವಯಸ್ಸು. ಅವನ ಹೆಂಡತಿಯ ತವರು ನಮ್ಮ ಬೆಟಗೇರಿಯ ನೇಕಾರರ ಓಣಿಯಲ್ಲಿ. ಅತ್ತೆಯ ಮನೆಗೆಂದು ಬಂದವನು ದಿನವೆಲ್ಲ ನನ್ನ ಅಂಗಡಿಯಲ್ಲೇ ಕೂತಿರುತ್ತಿದ್ದ. "ಅಳ್ಯಾಗ ಹೋಳಗಿ ಮಾಡೇನಿ, ತಿನ್ನಾಕ ಅಳ್ಯಾನ ಇಲ್ಲ" ಎಂದು ಅವನ ಅತ್ತೆ ಬೀದಿಯಲ್ಲೇ ನಿಂತು ಬೈಯುತ್ತಿದ್ದರು.

ಅವನ ಕಿವಿಯ ಬಗ್ಗೆ ಹೇಳಬೇಕು. ಗದಗಿನ ಹಳೇ ಸಾಮಾನಿನ ಅಂಗಡಿಗೆ ಇಬ್ಬರೂ ಹೋಗುತ್ತಿದ್ದೆವು. ನಾನು ಸ್ಪೀಕರಿನ ಹಿಂದಿನ ಚೀಟಿ ಓದುತ್ತಿದ್ದೆ — ಎಷ್ಟು ವ್ಯಾಟ್, ಎಷ್ಟು ಇಂಚು, ಯಾವ ಊರಿನದು. ಅವನು ಏನೂ ಓದುತ್ತಿರಲಿಲ್ಲ. ಸ್ಪೀಕರನ್ನು ಕಿವಿಯ ಹತ್ತಿರ ಹಿಡಿದು, ಅದರ ಕಾಗದದ ಮೇಲೆ ಉಗುರಿನಿಂದ ಮೆಲ್ಲಗೆ ಎರಡು ಸಲ ಬಡಿಯುತ್ತಿದ್ದ. ಅಷ್ಟೇ. "ಇದು ಅಳಬುರುಕ ಐತಿ." ಇನ್ನೊಂದಕ್ಕೆ, "ಇದು ಜಗಳಗಂಟಿ." ಮತ್ತೊಂದನ್ನು ಬಡಿದು ಕಣ್ಣು ಮುಚ್ಚಿ, "ಇದು ನೋಡಲೇ ಈರಣ್ಣಾ, ಉಂಡು ಎಲಿ ಹಾಕ್ಕೊಂಡು ಮಾತಾಡೋ ಹಿರ್ಯಾನಂಗ ಐತಿ." ಆ ಹಿರಿಯನನ್ನೇ ನಾವು ತರುತ್ತಿದ್ದೆವು. ಅವನು ಒಮ್ಮೆಯೂ ತಪ್ಪಿದ್ದು ನಾನು ಕಾಣೆ. ಹರ್ತಿಯ, ಯಳವತ್ತಿಯ ಭಜನೆಯವರು ಮೈಕ್ ಸೆಟ್ ಕೊಳ್ಳುವಾಗ ಅವನನ್ನೇ ಕರೆದೊಯ್ಯುತ್ತಿದ್ದರು.

ಗುಂಡಾಚಾರ್ ಮಾಸ್ತರರ ಮನೆ ಲಕ್ಷ್ಮೇಶ್ವರದಲ್ಲಿ, ನೌಕರಿ ಶಿರಹಟ್ಟಿಯ ಶಾಲೆಯಲ್ಲಿ. ಗುಡಿಯ ಪೂಜೆಯ ಮನೆತನದವರು. ಆದರೆ ಅವರ ಜೀವವೆಲ್ಲ ಹವಾಯಿಯನ್ ಗಿಟಾರಿನಲ್ಲಿತ್ತು. ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿ ನುಡಿಸುವುದು. ನಾಲ್ಕು ಜನರ ಆರ್ಕೆಸ್ಟ್ರಾ ಕಟ್ಟಿದ್ದರು. ಆ ಗಿಟಾರಿಗೆ ಹೊಟ್ಟೆಯಿಲ್ಲ. ಬರೀ ತಂತಿಯ ಶಬ್ದ ಪಕ್ಕದವನಿಗೂ ಕೇಳುವುದಿಲ್ಲ. ಆಂಪ್ಲಿಫಾಯರ್ ಮತ್ತು ಸ್ಪೀಕರ್ ಹೇಗಿದೆಯೋ ಹಾಗೆ ಅದರ ದನಿ. ಮಾಸ್ತರರ ಹಳೆಯ ಪೆಟ್ಟಿಗೆ ಸುಟ್ಟುಹೋಗಿತ್ತು. ಹುಬ್ಬಳ್ಳಿಯಿಂದ ಹೊಸ ಟ್ರಾನ್ಸಿಸ್ಟರಿನದನ್ನು ತರಿಸಿ ನೋಡಿ ವಾಪಸು ಕಳಿಸಿದ್ದರು.

"ಸ್ವಚ್ಛ ಅದ, ಜೋರ ಅದ. ಆದ್ರ ತಗಡು ಬಡದಂಗ ಅದ ನೋಡಪಾ. ನನಗ ವಾಲ್ವಿಂದು ಬೇಕು. ನೀವಿಬ್ರೂ ಒಂದೊಂದು ಮಾಡಿ ತರ್ರಿ. ಯಾವುದು ಮನಸ್ಸಿಗೆ ಬರ್ತದೋ ಅದು ನಂದು, ಅದನ್ನ ಮಾಡಿದಾಂವ ನಮ್ಮ ಆರ್ಕೆಸ್ಟ್ರಾದಾಂವ."

ವಾಲ್ವ್ ಎಂದರೆ ಗಾಜಿನ ಬುಡ್ಡಿ, ಒಳಗೆ ಕೆಂಪಗೆ ಕಾಯುತ್ತದೆ. ಕಾದ ಮೇಲೆ ಅದರಿಂದ ಬರುವ ಗಿಟಾರಿನ ದನಿ ತುಸು ದಪ್ಪ, ಅಂಚು ಸವೆದ ಹಾಗೆ — ಬರೆದು ತಿಳಿಸುವುದು ನನಗೆ ಆಗುವುದಿಲ್ಲ.

ನಾನು ಎಲ್ಲ ಹೊಸದನ್ನೇ ಹಾಕಿದೆ. ಹೊಸ ವಾಲ್ವು, ಹೊಸ ಸ್ಪೀಕರು, ಸಾಗವಾನಿ ಪೆಟ್ಟಿಗೆ, ಪಾಲಿಶು. ನೀಲಪ್ಪ, ಮುಚ್ಚಿಹೋದ ಒಂದು ಟೆಂಟ್ ಸಿನಿಮಾದ ಹಳೆಯ ಆಂಪ್ಲಿಫಾಯರನ್ನು ತಂದಿದ್ದ. ತುಕ್ಕು ಹಿಡಿದ ತಗಡು, ಬಣ್ಣ ಕಾಣದ ಪೆಟ್ಟಿಗೆ. ಸ್ಪೀಕರಿನ ಕಾಗದ ಹರಿದಿದ್ದಕ್ಕೆ ತೇಪೆ ಹಚ್ಚಿದ್ದ. ಅದನ್ನು ನೋಡಿ ನಾನು ನಕ್ಕಿದ್ದೆ.

"ನಗಬ್ಯಾಡಲೇ," ಎಂದ. "ನಿಂದು ಮದಿಮಗ, ಖರೆ. ನಂದು ಹಾಡ್ತೈತಿ."

ಆರಿಸುವ ರೀತಿಯನ್ನು ಮಾಸ್ತರರೇ ಗೊತ್ತುಮಾಡಿದರು. ರವಿವಾರ ಮಧ್ಯಾಹ್ನ, ಶಾಲೆಯ ಖೋಲಿ. ಎರಡೂ ಪೆಟ್ಟಿಗೆಗಳ ಮುಂದೆ ಹಗ್ಗ ಕಟ್ಟಿ ಚಾದರ ಇಳಿಬಿಡುವುದು. ಮಾಸ್ತರರು, ಆರ್ಕೆಸ್ಟ್ರಾದ ಮೂವರು ಕರಿಹಲಗೆಯ ಕಡೆ ಮುಖ ಮಾಡಿ ಕೂಡುವುದು. ಮಾಸ್ತರರು ಒಂದೇ ಹಾಡನ್ನು ಎರಡು ಸಲ ನುಡಿಸುವುದು. ಹಿಂದೆ ನಿಂತವನು ಗಿಟಾರಿನ ವಾಯರನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವುದು. ಯಾರು ಮಾಡಿದ್ದು ಎಂದು ಗೊತ್ತಾದರೆ ದಾಕ್ಷಿಣ್ಯ ಬರುತ್ತದೆ ಎಂದು ಇಷ್ಟೆಲ್ಲ.

ಹಿಂದೆ ನಿಲ್ಲುವವರು ಯಾರು? ಇಬ್ಬರೂ ನಿಲ್ಲಬೇಕಿತ್ತು. ನೀಲಪ್ಪ ಒಲ್ಲೆನೆಂದ.

"ನಂದು ಶುರು ಆದಕೂಡ್ಲೆ ನಾ ಸುಮ್ನ ಇರಾಂವಲ್ಲ, 'ಆಹಾ' ಅಂತೇನಿ. ಮಾಸ್ತರಿಗೆ ಗೊತ್ತಾಗಿ ಬಿಡ್ತೈತಿ. ಈರಣ್ಣ ಅದಾನಲ್ಲ, ಅಂವಾ ಬದಲಸ್ಲಿ. ನಾ ಸ್ಟ್ಯಾಂಡಿನಾಗ ಚಾ ಕುಡದು ಬರ್ತೇನಿ."

ಹೋಗಿಬಿಟ್ಟ. ಇಷ್ಟು ನಂಬಿಕೆ ನನ್ನ ಮೇಲೆ ಯಾರೂ ಇಟ್ಟಿರಲಿಲ್ಲ — ನನ್ನ ಅಪ್ಪ ಕೂಡ.

ಮೊದಲು ನನ್ನದಕ್ಕೆ ಹಾಕಿದೆ. ಚೆನ್ನಾಗಿಯೇ ಇತ್ತು. ಆಮೇಲೆ ನೀಲಪ್ಪನದಕ್ಕೆ. ಮಾಸ್ತರರು ಉಕ್ಕಿನ ತುಂಡನ್ನು ಮೇಲಿನಿಂದ ಕೆಳಗೆ ಜಾರಿಸಿದರು — ಆ ಒಂದು ಜಾರು ಸಾಕಾಯಿತು. ಯಾರೋ ಹೆಣ್ಣುಮಗಳು ಪಕ್ಕದ ಖೋಲಿಯಲ್ಲಿ ಗುನುಗಿದ ಹಾಗೆ. ತೇಪೆಯಿದ್ದ ಕಡೆ ಸಣ್ಣದೊಂದು ಒರಟುತನ. ಆ ಒರಟೇ ಅದನ್ನು ಮನುಷ್ಯರ ಗಂಟಲು ಮಾಡಿತ್ತು. ಚಾದರದ ಹಿಂದೆ ನನ್ನ ಕೈಗಳ ಮೇಲೆ ಕೂದಲು ನಿಂತಿದ್ದವು.

"ಎರಡನೇದು," ಎಂದರು ಮಾಸ್ತರರು. ತಿರುಗಲೂ ಇಲ್ಲ. "ಎರಡನೇದು ಯಾರದಪಾ?"

ವಿಚಾರ ಮಾಡಲು ಎಷ್ಟು ಹೊತ್ತು ಇತ್ತು? ಒಂದು ಉಸಿರಿನಷ್ಟು. ಆದರೆ ಒಂದು ಉಸಿರೂ ಸಾಕಷ್ಟು ಹೊತ್ತೇ. ನನಗೆ ತಿಳಿದಿತ್ತು, ತಿಳಿದೇ ಹೇಳಿದೆ —

"ನಂದರಿ."

ಚಾ ಕುಡಿದು ಬಂದ ನೀಲಪ್ಪನಿಗೂ ಅದನ್ನೇ ಹೇಳಿದೆ. ಅವನು ಜಗಳ ತೆಗೆಯಲಿಲ್ಲ, ಮತ್ತೊಮ್ಮೆ ಕೇಳಿಸಿರಿ ಎನ್ನಲಿಲ್ಲ. ನನ್ನ ಬೆನ್ನು ಚಪ್ಪರಿಸಿ, ತನ್ನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡ. ಬಸ್ಸಿನ ಮೇಲೆ ಹಾಕುವಾಗ ಮಾತ್ರ ಒಂದು ಮಾತು ಹೇಳಿದ:

"ನನಗ ಭಾಳ ಚಲೋ ಕೇಳಿಸಿತ್ತಲೇ ಇದು. ಹಂಗಾರ ನನ್ನ ಕಿವೀನ ಸುಳ್ಳಾತು."

ಅಲ್ಲಿಂದ ಮುಂದೆ ಅವನು ಸ್ಪೀಕರ್ ಆರಿಸಿಕೊಡುವುದನ್ನು ಬಿಟ್ಟ. ಯಾರಾದರೂ ಕೇಳಿದರೆ, "ಬೆಟಗೇರಿ ಈರಣ್ಣನ್ನ ಕೇಳ್ರಿ, ಅವಂದು ಖರೇ ಕಿವಿ" ಎಂದು ನನ್ನ ಕಡೆ ಕಳಿಸುತ್ತಿದ್ದ. ಅವರು ಬರುತ್ತಿದ್ದರು. ನಾನು ಸ್ಪೀಕರಿನ ಕಾಗದವನ್ನು ಉಗುರಿನಿಂದ ಬಡಿದು, ಏನೂ ತಿಳಿಯದಿದ್ದರೂ ತಲೆಯಾಡಿಸುತ್ತಿದ್ದೆ.

ಇತ್ತ ಮಾಸ್ತರರಿಗೆ ಸಮಾಧಾನವಿಲ್ಲ. ನನ್ನ ಪೆಟ್ಟಿಗೆಯಲ್ಲಿ ನುಡಿಸಿದಾಗಲೆಲ್ಲ, "ಆ ರವಿವಾರದ್ದು ಬರವಲ್ತಲ್ಲೋ" ಎನ್ನುವರು. ಕರೆಂಟು ಕಡಿಮೆ ಇದೆ ಎಂದೆ. ಬಯಲಿನಲ್ಲಿ ದನಿ ಚದುರುತ್ತದೆ, ಶಾಲೆಯ ಗೋಡೆ ಬೇರೆ ಎಂದೆ. ಎರಡು ವರ್ಷ ಹೀಗೆ ಹೇಳಿದೆ. ಕೊನೆಗೆ ಮುಂಡರಗಿಗೆ ಹೋಗಿ, ಆ ಹಳೆಯ ಪೆಟ್ಟಿಗೆ ಇದೆಯೇನು ಎಂದು ನೀಲಪ್ಪನನ್ನು ಕೇಳಿದೆ. ಬಿಡಿ ಸಾಮಾನಿಗೆ ಬೇಕಿತ್ತು ಎಂದು ಇನ್ನೊಂದು ಸುಳ್ಳು. ಅವನು ಅಷ್ಟರಲ್ಲಿ ಹಿಟ್ಟಿನ ಗಿರಣಿ ಹಾಕಿದ್ದ. ಮೈಯೆಲ್ಲ ಜೋಳದ ಹಿಟ್ಟು.

"ಒಯ್ಯಲೇ. ಇಲಿ ತಿನ್ನೂದಕ್ಕಿಂತ ನೀ ಒಯ್ಯೂದು ಚಲೋ."

ಅದರ ಒಳಗಿನದನ್ನೆಲ್ಲ ತೆಗೆದು ನನ್ನ ಸಾಗವಾನಿ ಪೆಟ್ಟಿಗೆಯಲ್ಲಿ ಕೂರಿಸಿದೆ. ಸ್ಪೀಕರಿನ ಕಾಗದದ ಮೇಲೆ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಕೊಳೆ ಎಂದುಕೊಂಡು ಹಸಿ ಅರಿವೆಯಿಂದ ಒರೆಸಿದೆ. ಪೂರ್ತಿ, ಚೊಕ್ಕಟವಾಗಿ. ಆಮೇಲೆ ಗಿಟಾರ್ ಹಚ್ಚಿದರೆ — ದನಿ ಸತ್ತಿತ್ತು. ವಾಲ್ವ್ ಬದಲಿಸಿದೆ, ಟ್ರಾನ್ಸ್‌ಫಾರ್ಮರ್ ನೋಡಿದೆ. ಏನಿಲ್ಲ. ಮತ್ತೆ ಮುಂಡರಗಿಗೆ ಹೋದೆ. ಯಾವುದೋ ಒಂದು ಸ್ಪೀಕರ್ ಮೆತ್ತಗಾಗಿದೆ, ಏನು ಮಾಡಲಿ ಎಂದು ಬೇರೆಯವರದು ಎಂಬಂತೆ ಕೇಳಿದೆ. ಅವನು ಗಿರಣಿ ನಿಲ್ಲಿಸಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಗಂಜಿ ಹಚ್ಚಲೇ, ಗಂಜಿ. ನಮ್ಮತ್ತಿ ಮನ್ಯಾಗ ಸೀರಿ ಹಾಸಿನ ನೂಲಿಗೆ ಹಚ್ತಾರಲ್ಲ, ಅದ. ತೆಳ್ಳಗ, ಮೂರು ಸಲ. ಒಂದು ಒಣಗಿದ ಮ್ಯಾಲೆ ಒಂದು. ನಟ್ಟನಡುವ ಹಚ್ಚಬ್ಯಾಡ, ಹರದಿದ್ದರ ಅದರ ಸುತ್ತ ಹಚ್ಚು. ಬೆಟಗೇರ್ಯಾಗ ಹುಟ್ಟಿ ನಿನಗ ಗಂಜಿ ನೆನಪಾಗಲಿಲ್ಲೇನಲೇ? ನಿಮ್ಮ ಓಣಿ ನಾಯಿ ಸೈತ ಗಂಜೀನ ಕುಡಿತಾವು!"

ಇಬ್ಬರೂ ನಕ್ಕೆವು. ನಾನೂ ನಕ್ಕೆ — ಅದನ್ನೇ ಈಗ ನೆನೆಯಲು ಆಗುವುದಿಲ್ಲ. ಕೊಳೆ ಎಂದು ನಾನು ಒರೆಸಿದ್ದು ಅವನು ಹಚ್ಚಿದ ಗಂಜಿಯನ್ನೇ. ಅವನ ಅತ್ತೆಯ ಮನೆಯಿಂದಲೇ ಒಂದು ವಾಟಗ ಗಂಜಿ ತಂದೆ. ಮೂರು ಸಲ ಹಚ್ಚಿದೆ. ಮುಂದಿನ ಕಾರ್ಯಕ್ರಮದಲ್ಲಿ ಮಾಸ್ತರರು ಒಂದು ಸಲ ತಂತಿ ಜಾರಿಸಿ, ನನ್ನ ಕಡೆ ನೋಡಿ, ನುಡಿಸುವುದನ್ನೇ ನಿಲ್ಲಿಸಿ ಕೈಮುಗಿದರು. "ಬಂತು ನೋಡಪಾ! ಅವತ್ತಿಂದು ಬಂತು!"

ಆ ನಮಸ್ಕಾರವನ್ನು ನಾನೇ ಇಟ್ಟುಕೊಂಡೆ.

ಇನ್ನೊಂದು ಹೇಳಬೇಕು. ಇದನ್ನು ಬಿಟ್ಟುಬಿಡಲೇ ಎಂದು ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಮುಂಡರಗಿಯಲ್ಲೇ ಒಂದು ಮದುವೆಯ ಸಂಜೆ ನಮ್ಮ ಆರ್ಕೆಸ್ಟ್ರಾ ಇತ್ತು. ನೀಲಪ್ಪ ಹೆಂಡತಿಯನ್ನು ಕರೆದುಕೊಂಡು ಬಂದು ಮುಂದೆಯೇ ಕೂತಿದ್ದ. ಮೊದಲ ಹಾಡಿಗೇ ಎದ್ದ. ಮೆಲ್ಲಗೆ ನನ್ನ ಹತ್ತಿರ ಬಂದು, ಪೆಟ್ಟಿಗೆಯ ಪಕ್ಕ ನಿಂತು, ತಲೆ ಬಗ್ಗಿಸಿ ಕೇಳಿದ. ಅವನು ಕಣ್ಣು ಮುಚ್ಚಿದ್ದು ನಾನು ನೋಡಿದೆ. ಈಗ ಹೇಳುತ್ತಾನೆ, ಈಗ ಗೊತ್ತಾಯಿತು — ಗೊತ್ತಾದರೆ ಒಳ್ಳೆಯದೇ ಎಂದೂ ಒಂದು ಮನಸ್ಸು.

"ಈರಣ್ಣಾ, ಇದು ನನ್ನ ಪೆಟಗಿ ಹಾಡಿದಂಗ ಕೇಳ್ತೈತಲ್ಲಲೇ."

ನನ್ನ ಮುಖ ನೋಡಿದ. ಆಮೇಲೆ ತಾನೇ ನಕ್ಕು ಕಿವಿಯನ್ನು ಹಿಂಡಿಕೊಂಡ.

"ನೋಡು, ಇದಕ್ಕ ನಾ ಸೋತದ್ದು. ನನ್ನ ಈ ಹಾಳ ಕಿವಿಗೆ ಎಲ್ಲಾ ಒಂದ ಥರಾ ಕೇಳಿಸ್ತಾವು. ಗಿರಣಿಗೆ ಇಷ್ಟ ಸಾಕು ಬಿಡು."

ಮೊದಲ ಸುಳ್ಳನ್ನು ಒಂದು ಉಸಿರಿನಲ್ಲಿ ಹೇಳಿದ್ದೆ. ಈ ಸಲ ಹೇಳುವುದೇ ಬೇಕಾಗಲಿಲ್ಲ; ಸುಮ್ಮನಿದ್ದರೆ ಸಾಕಾಯಿತು. ಅವನ ಕಿವಿ ಸರಿಯಾಗಿ ಗುರುತು ಹಿಡಿದಿತ್ತು. ಹಿಡಿದ ಗುರುತನ್ನೇ ಅವನು ತನ್ನ ಸೋಲಿನ ಸಾಕ್ಷಿ ಮಾಡಿಕೊಂಡ — ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಮೇಲೆ ಅವನು ಹೋಗಿ ಹೆಂಡತಿಯ ಪಕ್ಕ ಕೂತು ಕೊನೆಯ ಹಾಡಿನವರೆಗೆ ತಾಳ ಹಾಕಿದ.

ಬದುಕು ನನಗೆ ಕೆಟ್ಟದ್ದು ಮಾಡಲಿಲ್ಲ. ಆರ್ಕೆಸ್ಟ್ರಾ ಹತ್ತು ವರ್ಷ ನಡೆಯಿತು, ಸಿಂಗಟಾಲೂರಿನವರೆಗೆ ಊರೂರು ಅಡ್ಡಾಡಿದೆವು. ಒಳ್ಳೆಯ ಮಂದಿ, ಒಳ್ಳೆಯ ಊಟ, ಮಾಸ್ತರರಂಥವರ ಸಹವಾಸ. ಈಗ ಮನೆಯಲ್ಲಿ ಕೂತಿದ್ದೇನೆ, ಮೊಮ್ಮಗಳು ಪಕ್ಕದಲ್ಲಿ ಹಾಡು ಹಚ್ಚುತ್ತಾಳೆ, ಮನಸ್ಸು ತಂಪಾಗಿಯೇ ಇದೆ. ನೀಲಪ್ಪನೂ ಸುಖವಾಗಿದ್ದಾನೆ. ಗಿರಣಿಯನ್ನು ಮಗ ನೋಡಿಕೊಳ್ಳುತ್ತಾನೆ. ವರ್ಷಕ್ಕೆ ಎರಡು ಸಲ ಭೆಟ್ಟಿಯಾಗುತ್ತೇವೆ, ಅದೇ ನಗು, ಅದೇ 'ಲೇ ಈರಣ್ಣಾ.' ಅವನು ಸುಖವಾಗಿದ್ದಾನಲ್ಲ, ಇನ್ನೇನು ಹೇಳುವುದು — ಹೀಗೆಂದುಕೊಂಡೇ ಇಷ್ಟು ವರ್ಷ ಕಳೆದೆ. ಆದರೆ ಅವನ ಸುಖ ಅವನ ಗಳಿಕೆ. ಅದರಲ್ಲಿ ನನ್ನ ತಪ್ಪನ್ನು ಮುಚ್ಚಿಡಲು ನನಗೆ ಯಾವ ಅಧಿಕಾರವೂ ಇಲ್ಲ.

ಮಾಸ್ತರರಿಗೆ ಮೊನ್ನೆ ಫೋನು ಮಾಡಿ ಎಲ್ಲ ಹೇಳಿದೆ. ತೊಂಬತ್ತರ ಹತ್ತಿರ ಬಂದಿದ್ದಾರೆ. "ನನಗ ಯಾಕ ಹೇಳ್ತಿ? ಅವಗ ಹೇಳು," ಎಂದು ಇಟ್ಟುಬಿಟ್ಟರು.

ಈ ಸೋಮವಾರ ಮೊದಲ ಬಸ್ಸಿಗೆ ಮುಂಡರಗಿಗೆ ಹೋಗುತ್ತೇನೆ. ಬರೆದ ಈ ಹಾಳೆಗಳನ್ನು ಅವನಿಗೆ ಓದಿ ಹೇಳುವುದು ನನ್ನ ಕೆಲಸ. ನನಗೆ ಅವನ ಸಿಟ್ಟಿನ ಹೆದರಿಕೆಯಿಲ್ಲ. ಅವನು ನಕ್ಕುಬಿಡುತ್ತಾನೆ ಎಂಬುದೇ ಹೆದರಿಕೆ. ಅರ್ಧಕ್ಕೇ ನಕ್ಕು, "ಬಿಡಲೇ, ಊಟ ಮಾಡು ಬಾ" ಎಂದು ಎಬ್ಬಿಸುತ್ತಾನೆ. ನಾನು ಏಳಬಾರದು. ಆ ಮದುವೆಯ ಸಂಜೆ ಅವನ ಕಿವಿಗೆ ಕೇಳಿಸಿದ್ದು ಖರೆಯೇ ಆಗಿತ್ತು ಎಂದು ಅವನು ತನ್ನ ಬಾಯಿಂದ ಹೇಳುವವರೆಗೆ ಅಲ್ಲೇ ಕೂಡುತ್ತೇನೆ.