ಐವತ್ತು ದಿನದ ದಾರಿ

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ತಿಂಗಳಿಗೆ ಅಣ್ಣನ ಮೊದಲ ಕಾಗದ ಬಂತು. ಗದ್ದಲದ ದಿನಗಳಲ್ಲಿ ಸಂಸ್ಥಾನದ ಗಡಿ ದಾಟಿ ಹೋದವನು, ಸೊಲ್ಲಾಪುರದ ಗುತ್ತಿಗೆದಾರನೊಬ್ಬನ ಜೊತೆ ರಸ್ತೆ ಕೆಲಸಕ್ಕೆಂದು ಪಠಾಣಕೋಟ ಸೇರಿದ್ದ. ಊರಿಗೆ ಬರಲೋ, ಅಲ್ಲೇ ಇರಲೋ ಎಂದು ಅವ್ವನನ್ನು ಕೇಳಿದ್ದ.

"ಎಷ್ಟು ದಿನದ ದಾರಿ ಅದನೋ?" ಎಂದಳು ಅವ್ವ. ಸಾಯಗಾಂವದ ನಮ್ಮ ಮನೆಯಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ರೈಲು ಯಾವಾಗ ನಿಲ್ಲುವುದೋ ಎಂಬ ಕಾಲ. ಆಕೆ ಎಲ್ಲ ದಾರಿಯನ್ನೂ ನಡಿಗೆಯಲ್ಲೇ ಎಣಿಸುತ್ತಿದ್ದಳು, ದಿನಕ್ಕೆ ಇಪ್ಪತ್ತು ಮೈಲಿ.

ನಾನು ಬೀದರದಲ್ಲಿ ಓದುತ್ತಿದ್ದೆ. ಸಾಲೆಯ ಸುಣ್ಣದ ಗೋಡೆ, ಅದರ ಮೇಲೆ ಉರ್ದು ಅಕ್ಷರದ ಜಗತ್ತಿನ ನಕ್ಷೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಬೀದರ, ಪಠಾಣಕೋಟಗಳ ನಡುವೆ ದಾರ ಹಿಡಿದು, ಕೆಳಗಿನ ಅಳತೆಗೆರೆಗೆ ಹಚ್ಚಿ ನೋಡಿದೆ. ಸಾವಿರದ ನೂರು ಮೈಲಿ. ಮೂರು ಸಲ ಅಳೆದು ದಿನಚರಿಯಲ್ಲಿ ಬರೆದುಕೊಂಡೆ: ಐವತ್ತೈದು ದಿನ.

ಮನೆಗೆ ಹೋಗಿ ಹೇಳಿದಾಗ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ನಮ್ಮಪ್ಪ ಕೇದಾರಕ್ಕ ಐವತ್ತು ದಿನ ನಡದು ಹೋಗಿ ತಿರುಗಿ ಬಂದಾನ. ಅದರಾಚಿ ಹೋದವರು ಬಂದದ್ದು ನಾ ಕೇಳಿಲ್ಲ. ಅಲ್ಲೇ ಇರು ಅಂತ ಬರಿ."

ಬರೆದೆ. ಅಂಚೆಗೆ ಹಾಕಲೆಂದು ಬೀದರಕ್ಕೆ ತಂದೆ, ಹಾಕಲು ಮನಸ್ಸಾಗಲಿಲ್ಲ. ಮತ್ತೆ ನಕ್ಷೆಗೆ ದಾರ ಹಿಡಿದು ನಿಂತಾಗ ಭೂಗೋಳದ ಮಾಸ್ತರರು ನನ್ನನ್ನು ಕಂಡರು.

"ಏನ್ ಹೊಲಿಲಿಕ್ಕ ಹತ್ತೀದಿಯೋ, ದರ್ಜಿ?"

"ಅಣ್ಣ ಎಷ್ಟು ದೂರ ಇದ್ದಾನ ನೋಡ್ಲಿಕ್ಕತ್ತೀನ್ರಿ."

"ಭೂಮಿ ದುಂಡಗ, ಹಾಳಿ ಸಪಾಟ. ಈ ನಕ್ಷಾದಾಗ ಉತ್ತರಕ್ಕ ಹೋದಂಗ ನೆಲಾ ಹಿಗ್ಗಿಸ್ಯಾರ. ಆ ಅಳತಿ ಗೆರಿ ಭೂಮಿ ನಡುವಿನ ಸಮಭಾಜಕದ ಮ್ಯಾಲಷ್ಟೇ ಖರೆ. ನಿಮ್ಮಣ್ಣ ನೆಟ್ಟಗ ಉತ್ತರಕ್ಕಿದ್ದಾನ, ಬದಿಗಿನ ಡಿಗ್ರಿ ಎಣಸು. ಒಂದಕ್ಕ ಅರವತ್ತೊಂಬತ್ತು ಮೈಲಿ."

ಹದಿನಾಲ್ಕೂವರೆ ಡಿಗ್ರಿ. ಸಾವಿರ ಮೈಲಿ.

ಶನಿವಾರ ಭಾಲ್ಕಿಯಿಂದ ನಡೆದೇ ಊರು ಸೇರಿದೆ. "ಅವ್ವಾ, ನಾ ಅಳದದ್ದು ತಪ್ಪಾಗಿತ್ತು. ಐವತ್ತೇ ದಿನ."

ಪಕ್ಕದಲ್ಲಿ ಕೂತಿದ್ದ ಕಾಕಿ ನಕ್ಕಳು. "ನಿನ್ನ ಮಗ ಕುಂತಲ್ಲೇ ಐದು ದಿನ ಸಮೀಪ ಬಂದನೇನ?"

"ಬಂದ. ನಿನಗ್ಯಾಕ ಹೊಟ್ಟಿಕಿಚ್ಚು?" ಎಂದಳು ಅವ್ವ.

ಹಳೆಯ ಕಾಗದ ಒಲೆಗೆ ಹೋಯಿತು. ಹೊಸದರಲ್ಲಿ ಬರೆಸಿದ್ದು ಇಷ್ಟೇ: ಐವತ್ತು ದಿನದ ದಾರಿ ಅದ, ಊರಿಗೆ ಹೊಂಡು. ರೈಲು ಸಿಕ್ಕರೆ ನಾಲ್ಕೇ ದಿನ ಎಂದು ನಾನು ಸೇರಿಸಹೋದೆ.

"ಅದನ್ನ ಬರಿಬ್ಯಾಡ," ಎಂದಳು. "ನಡದು ಬರೋ ತಯಾರಿಲೇ ಬರ್ಲಿ."