ಅತ್ತೆ ಕೇಳಿದ ಮುಖ

ಗಂಡ ತೀರಿಕೊಂಡ ಮೇಲೂ ನಾನು ಮುಖವಾಡ ಮಾಡುವುದನ್ನು ನಿಲ್ಲಿಸಲಿಲ್ಲ. ಗೋಕಾಕದ ನಮ್ಮ ಮನೆಯ ಹಿತ್ತಲಲ್ಲಿ ಕರೆಂಟಿನ ಭಟ್ಟಿಯಿದೆ; ಗೋಡೆಗೆ ತೂಗುಹಾಕುವ ಪಿಂಗಾಣಿ ಮುಖವಾಡಗಳನ್ನು ಅದರಲ್ಲಿ ಸುಡುತ್ತೇನೆ. ನಮ್ಮವರು ಹುಕ್ಕೇರಿಯಿಂದ ಬೈಕಿನಲ್ಲಿ ಬರುವಾಗ ಲಾರಿ ಬಡಿದು ಹೋದರು. ಮಣ್ಣು ಕೊಡಲು ಬಂದವರೆಲ್ಲ "ಅತ್ತು ಹಗುರಾಗವ್ವಾ" ಎಂದರು. ಅಳು ಬರಲಿಲ್ಲ. ಬಣ್ಣ ಬಳಿಯುತ್ತಿದ್ದೆ, ಭಟ್ಟಿ ಹಚ್ಚುತ್ತಿದ್ದೆ, ಉಂಡದ್ದು ಸಪ್ಪೆಯೋ ಖಾರವೋ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಬೇರೆ ಯಾರೋ ಮಾಡುತ್ತಿದ್ದಂತಿತ್ತು.

ಒಂದು ಮಧ್ಯಾಹ್ನ ಅತ್ತೆ ಮೂಡಲಗಿಯಿಂದ ಬಸ್ಸಿನಲ್ಲಿ ಬಂದರು. ಅವರದು ಕುಂಬಾರರ ಮನೆ. ಗಣಪ್ಪನ ಹಬ್ಬ ಕಳೆದ ಮೇಲೆ ಬರುವ ಜೋಕುಮಾರ ದೇವರ ಮೂರ್ತಿಯನ್ನು ಓಣಿಗೆಲ್ಲ ಅವರೇ ಮಾಡಿಕೊಡುತ್ತಿದ್ದರು: ಅಗಲ ಮುಖ, ದೊಡ್ಡ ಕಣ್ಣು, ಬೆಣ್ಣೆ ಮೆತ್ತಲು ತೆರೆದ ಬಾಯಿ. ಹೆಂಗಸರು ಅವನನ್ನು ಬುಟ್ಟಿಯಲ್ಲಿ ಹೊತ್ತು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಆ ಹಸಿಮಣ್ಣಿನ ಮುಖವನ್ನು ಯಾರೂ ಸುಡುವುದಿಲ್ಲ. ಹಬ್ಬ ಮುಗಿದರೆ ಅವನ ಆಯುಷ್ಯವೂ ಮುಗಿಯಿತು. ಸುಟ್ಟು, ಹೊಳಪು ಕೊಟ್ಟು ವರ್ಷಗಟ್ಟಲೆ ಇಡುವ ಮುಖಗಳನ್ನು ನಾನು ಕಾಲೇಜಿನಲ್ಲಿ ಕಲಿತೆ. ಮದುವೆಯಾದ ಹೊಸತರಲ್ಲಿ ಆ ಮುಖಗಳು ಕಲ್ಲಿನಂತೆ ಗಟ್ಟಿಯಾದದ್ದನ್ನು ನೋಡಿ ಅತ್ತೆ, "ಮಾರಿ ಕಲ್ಲ ಮಾಡ್ತಿಯಲ್ಲವ್ವಾ!" ಎಂದು ನಕ್ಕಿದ್ದರು.

ಈಗ ನೀರೂ ಕುಡಿಯದೆ ಹೇಳಿದರು: "ನನ್ನ ಮಗನ ಮಾರಿ ಮಾಡಿ ಕೊಡು. ಸುಟ್ಟು ಕೊಡು. ಫೋಟೋ ಮುಟ್ಟಿದ್ರ ಬರೇ ಗಾಜ ಹತ್ತತೈತಿ ಕೈಗೆ."

ಆಯಿತೆಂದೆ. ಫೋಟೋ ಎದುರಿಟ್ಟುಕೊಂಡು ಮಣ್ಣು ತಟ್ಟಿದೆ. ಹುಬ್ಬು, ಗಲ್ಲ, ಗದ್ದ. ಯಾವುದೋ ಗಿರಾಕಿಯ ಕೆಲಸದಂತೆಯೇ ಮಾಡಿದೆ.

"ಅತ್ತೀ, ಮೂಗು ಸರಿ ಐತೇನ್ ನೋಡ್ರಿ."

ಅತ್ತೆ ಹೆಬ್ಬೆರಳಿನಿಂದ ಅದನ್ನು ಒಂದಿಷ್ಟು ಎಡಕ್ಕೆ ಒತ್ತಿದರು. "ಸಣ್ಣಾವಿದ್ದಾಗ ಕಟ್ಟಿ ಮ್ಯಾಲಿಂದ ಬಿದ್ದಿದ್ದ. ಅವತ್ತಿಂದ ಹಿಂಗ."

ಇಷ್ಟು ವರ್ಷ ಜೊತೆಗಿದ್ದ ನಾನು ಅದನ್ನು ಗಮನಿಸಿರಲೇ ಇಲ್ಲ. ಸಂಕಟವಾಗಬೇಕಿತ್ತು. ಆಗಲಿಲ್ಲ.

ವಾರವಿಡೀ ನೆರಳಲ್ಲಿ ಒಣಗಿಸಿ ಸುಟ್ಟೆ; ಅಷ್ಟೂ ದಿನ ಅತ್ತೆ ನಮ್ಮಲ್ಲೇ ಉಳಿದರು. ಭಟ್ಟಿ ಆರಿದ ಮೇಲೆ ಬಾಗಿಲು ತೆಗೆದರೆ ಮುಖ ಒಡೆದಿರಲಿಲ್ಲ, ಆದರೆ ಚಿಕ್ಕದಾಗಿತ್ತು. ಬೆಂದ ಮಣ್ಣು ಕುಗ್ಗುತ್ತದೆ, ಅದಕ್ಕೇ ಮೊದಲೇ ದೊಡ್ಡದಾಗಿ ಮಾಡಿಕೊಳ್ಳಬೇಕು. ಅದು ನನಗೆ ನೆನಪೇ ಆಗಿರಲಿಲ್ಲ.

"ಸಣ್ಣದಾತ್ರಿ. ಮತ್ತೊಂದು ಮಾಡ್ತೇನಿ," ಎಂದೆ.

ಅತ್ತೆ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಬ್ಯಾಡ. ಪಾಟಿ ಹಿಡಕೊಂಡು ಸಾಲಿಗೆ ಹೋಗುವಾಗ ಇಷ್ಟ ಇತ್ತವನ ಮಾರಿ," ಎಂದವರೇ ಅದನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಅವರ ಮೈ ನಡುಗುವುದು ಅಂಗೈಗೆ ತಿಳಿಯುತ್ತಿತ್ತು. ಅಷ್ಟೇ ತಿಳಿಯುತ್ತಿತ್ತು.

ಸಂಜೆ ಬಸ್ಸು ಹತ್ತಿಸಿದೆ. ಮುಖವನ್ನು ಸೆರಗಿನಲ್ಲಿ ಸುತ್ತಿ ಉಡಿಯಲ್ಲಿಟ್ಟುಕೊಂಡಿದ್ದ ಅತ್ತೆ, ಕಿಟಕಿಯಿಂದ "ಉಣ್ಣವ್ವಾ, ಉಪಾಸ ಇರಬ್ಯಾಡ" ಎಂದರು. ಹೂಂ ಎಂದೆ. ಮನೆಗೆ ಬಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಅವತ್ತು ನಾಲಿಗೆಗೆ ಖಾರ ಹತ್ತಿತು. ಇನ್ನೊಂದು ರೊಟ್ಟಿ ಹಾಕಿಕೊಂಡೆ.